ವಾರಕ್ಕೆ 5¼ ಪೆನ್ಸ್ ಕಮ್ಮಿ: ಬಾರ್ಕಮ್ ಹಳ್ಳಿಯ ಒಂದು ಮನೆ ಲೆಕ್ಕ, 1787

ಗಂಡ, ಹೆಂಡ್ತಿ, ಐದು ಮಕ್ಕಳು. ದೊಡ್ಡದಕ್ಕೆ ಎಂಟು ವರ್ಷ, ಚಿಕ್ಕದು ಇನ್ನೂ ಕೈಗೂಸು. ಇಂಗ್ಲೆಂಡಿನ ಬರ್ಕ್‌ಶೈರ್‌ನಲ್ಲಿ ವೋಕಿಂಗ್‌ಹ್ಯಾಮ್ ಪಟ್ಟಣದ ಹತ್ತಿರ ಬಾರ್ಕಮ್ ಅಂತ ಒಂದು ಸಣ್ಣ ಹಳ್ಳಿ, ಅಲ್ಲಿದ್ದ ಕೂಲಿ ಮನೆ ಇದು, ಕಾಲ 1787ರ ಈಸ್ಟರ್. ಗಂಡ ಹೊಲದ ಕೂಲಿ, ವರ್ಷಪೂರ್ತಿ ಕೆಲಸ ಇತ್ತು. ಹಾಗಿದ್ರೂ ಆ ಮನೆ ಪ್ರತಿ ವಾರ ಸೋಲ್ತಾ ಇತ್ತು. ಎಷ್ಟು ಸೋಲ್ತಾ ಇತ್ತು ಅನ್ನೋದು ಕಾಲು ಪೆನ್ನಿ ಲೆಕ್ಕದವರೆಗೂ ನಮಗೆ ಇವತ್ತು ಗೊತ್ತಿದೆ, ಯಾಕಂದ್ರೆ ಆ ಊರಿನ ಪಾದ್ರಿ ಕೂತು ಬರೆದಿಟ್ಟಿದ್ದಾರೆ.

ಆ ಪಾದ್ರಿ ಡೇವಿಡ್ ಡೇವಿಸ್. ಹುಟ್ಟಿದ್ದು ವೇಲ್ಸ್‌ನಲ್ಲಿ, ಚಿಕ್ಕ ವಯಸ್ಸಲ್ಲಿ ಬಾರ್ಬಡೋಸ್ ದ್ವೀಪದಲ್ಲೂ ಇದ್ದವರು, 1782ರಲ್ಲಿ ಬಾರ್ಕಮ್‌ಗೆ ರೆಕ್ಟರ್ ಆಗಿ ಬಂದ್ರು. ರೆಕ್ಟರ್ ಅಂದ್ರೆ ಆ ಊರಿನ ಚರ್ಚಿನ ಹೊಣೆ ಹೊತ್ತ ಪಾದ್ರಿ, ಜೀವನಕ್ಕೆ ಊರಿನ ಬೆಳೆಯಲ್ಲಿ ಹತ್ತನೇ ಒಂದು ಪಾಲು ಬರ್ತಿತ್ತು. ಅಂದ್ರೆ ಅವರು ಹಸಿದವರೇನಲ್ಲ. ಆದ್ರೆ ಕಾಯಿಲೆ, ಬಾಣಂತನ, ಸಾವು ಅಂತ ಕೂಲಿಯವರ ಗುಡಿಸಲಿಗೆ ಹೋಗ್ಬೇಕಾಗಿತ್ತಲ್ಲ, ಹೋದಾಗೆಲ್ಲ ಕಣ್ಣಿಗೆ ಬಿದ್ದದ್ದು ಏನಂದ್ರೆ ಮನೆಯೋರಿಗೆ ಸರಿಯಾಗಿ ಊಟ ಇಲ್ಲ, ಬಟ್ಟೆ ಇಲ್ಲ, ಮಕ್ಕಳು ಅರೆಬೆತ್ತಲೆ, ಮತ್ತೆ ಇವರು ಯಾರೂ ಕೆಲಸಗಳ್ಳರೂ ಅಲ್ಲ. ಹಾಗಾದ್ರೆ ತಪ್ಪು ಎಲ್ಲಿದೆ? ಆ ಕಾಲದ ಬೇರೆಯವರು ಇಂಥ ಜಾಗದಲ್ಲಿ ಒಂದು ಉಪದೇಶ ಕೊಟ್ಟು ಬರ್ತಿದ್ರು. ಇವರು ಕಾಗದ ತಗೊಂಡು ವಾರದ ಖರ್ಚು ಕೇಳಿ ಬರ್ಕೊಂಡ್ರು. ನನಗೆ ಈ ಪ್ರಕರಣ ಇಷ್ಟು ಮುಖ್ಯ ಅನ್ಸೋದು ಈ ಒಂದು ಕೆಲಸಕ್ಕೇನೆ.

ಲೆಕ್ಕ ನೋಡೋ ಮುಂಚೆ ದುಡ್ಡಿನ ವಿಷಯ ಹೇಳ್ಬಿಡ್ತೀನಿ. ನಮ್ಮಲ್ಲಿ ಹಿಂದೆ 16 ಆಣೆಗೆ ಒಂದು ರೂಪಾಯಿ ಇತ್ತಲ್ಲ, ಅಲ್ಲಿ 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್.

ಆದಾಯ ಮೊದಲು. ಗಂಡನಿಗೆ ಮಾಮೂಲಿ ದಿನಗೂಲಿ, ಜೊತೆಗೆ ವರ್ಷದಲ್ಲಿ ಕೆಲವು ತಿಂಗಳು ಗುತ್ತಿಗೆ ಕೆಲಸ, ಎಲ್ಲ ಸೇರಿಸಿ ಸರಾಸರಿ ವಾರಕ್ಕೆ 8 ಶಿಲ್ಲಿಂಗ್. ಹೆಂಡ್ತಿ ಬ್ರೆಡ್ ಸುಡ್ಬೇಕು, ಹರಿದ ಬಟ್ಟೆ ಒಗೆದು ತೇಪೆ ಹಾಕ್ಬೇಕು, ಐದು ಮಕ್ಕಳನ್ನ ನೋಡ್ಕೋಬೇಕು, ಇದ್ರ ಮಧ್ಯೆ ಬೀನ್ಸ್ ಬೀಜ ಊರೋ ಟೈಮಲ್ಲಿ, ಹುಲ್ಲು ಕೊಯ್ದು ಒಣಗಿಸೋ ಟೈಮಲ್ಲಿ, ಕೊಯ್ಲಲ್ಲಿ ಹೊಲಕ್ಕೆ ಹೋಗ್ತಿದ್ಲು, ಅದನ್ನ ವರ್ಷಕ್ಕೆ ಹಂಚಿದ್ರೆ ವಾರಕ್ಕೆ 6 ಪೆನ್ಸ್. ಒಟ್ಟು 8 ಶಿಲ್ಲಿಂಗ್ 6 ಪೆನ್ಸ್.

ಈಗ ಖರ್ಚು. ಬ್ರೆಡ್ಡಿಗೆ ಹಿಟ್ಟು 7½ ಗ್ಯಾಲನ್, ಗ್ಯಾಲನ್ನಿಗೆ 10 ಪೆನ್ಸ್‌ನಂತೆ 6 ಶಿಲ್ಲಿಂಗ್ 3 ಪೆನ್ಸ್ (ಆಗ ಹಿಟ್ಟನ್ನೂ ಅಳತೆ ಪಾತ್ರೆ ಲೆಕ್ಕದಲ್ಲೇ ಮಾರ್ತಿದ್ರು). ಈಸ್ಟ್ ಮತ್ತೆ ಉಪ್ಪು 4 ಪೆನ್ಸ್. ಬೇಕನ್, ಅಂದ್ರೆ ಉಪ್ಪು ಹಾಕಿಟ್ಟ ಹಂದಿ ಮಾಂಸ, ಒಂದು ಪೌಂಡ್ ತೂಕ, 8 ಪೆನ್ಸ್. ಒಂದು ಪೌಂಡ್ ಅಂದ್ರೆ 450 ಗ್ರಾಂ, ಏಳು ಜನಕ್ಕೆ, ಇಡೀ ವಾರಕ್ಕೆ. ಅದನ್ನ ಸೊಪ್ಪಿನ ಜೊತೆ ಎರಡು ಮೂರು ಸಲ ಬೇಯಿಸ್ತಿದ್ರು, ಬೆಂದ ನೀರನ್ನ ಚೆಲ್ತಿರ್ಲಿಲ್ಲ, ಅದಕ್ಕೆ ಬ್ರೆಡ್ಡು ಆಲೂಗಡ್ಡೆ ಹಾಕಿ ಕಲಸಿದ್ರೆ ಮಕ್ಕಳ ಊಟ. ಟೀ ಪುಡಿ ಒಂದು ಔನ್ಸ್, ಸಕ್ಕರೆ ಮುಕ್ಕಾಲು ಪೌಂಡ್, ಬೆಣ್ಣೆನೋ ಹಂದಿ ಕೊಬ್ಬೋ ಅರ್ಧ ಪೌಂಡ್, ಮೂರೂ ಸೇರಿ 1 ಶಿಲ್ಲಿಂಗ್. ಸೋಪು ಕಾಲು ಪೌಂಡ್, 2¼ ಪೆನ್ಸ್. ಬೆಳಕಿಗೆ ಮೇಣದಬತ್ತಿ 3 ಪೆನ್ಸ್. ಹೊಲಿಯೋಕೆ ದಾರ, ಉಣ್ಣೆ ನೂಲು 3 ಪೆನ್ಸ್.

ಕೂಡಿದ್ರೆ 8 ಶಿಲ್ಲಿಂಗ್ 11¼ ಪೆನ್ಸ್. ಬಂದದ್ದು 8 ಶಿಲ್ಲಿಂಗ್ 6. ವಾರಕ್ಕೆ 5¼ ಪೆನ್ಸ್ ಕಮ್ಮಿ.

ಇಷ್ಟೇ ಆಗಿದ್ರೂ ಹೆಂಗೋ ತಳ್ಬೋದಿತ್ತು. ಆದ್ರೆ ಈ ಪಟ್ಟಿಯಲ್ಲಿ ಮನೆ ಬಾಡಿಗೆ ಇಲ್ಲ, ಸೌದೆ ಇಲ್ಲ, ಬಟ್ಟೆ ಇಲ್ಲ, ಶೂ ಇಲ್ಲ, ಬಾಣಂತನದ ಖರ್ಚಿಲ್ಲ, ಕಾಯಿಲೆ ಬಿದ್ರೆ ಏನು ಅನ್ನೋದಿಲ್ಲ. ಅದನ್ನೆಲ್ಲ ಡೇವಿಸ್ ಬೇರೆಯಾಗಿ ವರ್ಷಕ್ಕೆ ಸುಮಾರು 6 ಪೌಂಡ್ ಅಂತ ಹಾಕಿದ್ರು. ವಾರದ ಕೊರತೆಯನ್ನ 52ರಿಂದ ಗುಣಿಸಿದ್ರೆ 1 ಪೌಂಡ್ 2 ಶಿಲ್ಲಿಂಗ್ 9 ಪೆನ್ಸ್ ಆಗುತ್ತೆ, ಅದಕ್ಕೆ ಈ 6 ಪೌಂಡ್ ಸೇರಿಸಿ, ವರ್ಷಕ್ಕೆ 7 ಪೌಂಡಿನ ಮೇಲೆ ಕೊರತೆ. ಅಂದ್ರೆ ಗಂಡನ ಹದಿನೇಳು ಹದಿನೆಂಟು ವಾರದ ದುಡಿಮೆ ಎಲ್ಲಿಂದಲೋ ಹೊಸದಾಗಿ ಹುಟ್ಟಬೇಕಿತ್ತು, ವರ್ಷದಲ್ಲಿ ಇರೋದೇ 52 ವಾರ.

ಇನ್ನೊಂದು ಸಲ ಆ ಪಟ್ಟಿ ನೋಡಿ, ನೂರಕ್ಕೆ 70 ಭಾಗ ಬರೀ ಹಿಟ್ಟಿಗೇ ಹೋಗಿದೆ. ಉಳಿತಾಯ ಮಾಡು ಅಂತ ಹೇಳೋರು ಇದ್ರಲ್ಲಿ ಯಾವುದನ್ನ ಕಡಿಮೆ ಮಾಡಿಸ್ತಾರೆ ಹೇಳಿ. ಸೋಪು ಸಾಲದೆ ಅಲ್ಲಿನ ಹೆಂಗಸರು ಹಸಿ ಜರೀಗಿಡ ಸುಟ್ಟು, ಆ ಬೂದಿಯನ್ನ ಉಂಡೆ ಕಟ್ಟಿ ಇಟ್ಕೊಂಡು, ಬೂದಿ ನೀರಲ್ಲಿ ಬಟ್ಟೆ ಒಗೀತಿದ್ರು ಅಂತ ಡೇವಿಸ್ ಬರೀತಾರೆ. ಇಷ್ಟು ಹಿಡಿತದಲ್ಲಿ ಬದುಕೋರಿಗೆ ಮಿತವ್ಯಯದ ಪಾಠ ಹೇಳೋಕೆ ಯಾರಿಗೆ ಬಾಯಿ ಬರುತ್ತೋ ಗೊತ್ತಿಲ್ಲ, ಆದ್ರೆ ಬರ್ತಿತ್ತು, ಬಹಳ ಜನಕ್ಕೆ ಬರ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಬೈಸ್ಕೊಂಡಿದ್ದು ಟೀ. ಬಡವರಿಗೆ ಟೀ ಯಾಕೆ, ಅದು ಶೋಕಿ, ಅದರಿಂದಾನೇ ಹಾಳಾಗ್ತಿದ್ದಾರೆ, ಅಂತ ಆಗಿನ ದೊಡ್ಡವರು ಬರೆದೂ ಬರೆದೂ ಇಟ್ಟಿದ್ದಾರೆ. ಇದಕ್ಕೆ ಡೇವಿಸ್ ಕೊಟ್ಟ ಉತ್ತರ ನನ್ನ ಮಟ್ಟಿಗೆ ಇಡೀ ಪ್ರಕರಣದ ಜೀವ. ಅವರು ಏನಂದ್ರು ಅಂದ್ರೆ, ಬಡವರು ಹಿಂದೆ ಕುಡೀತಿದ್ದದ್ದು ಮನೆಯಲ್ಲೇ ಮಾಡಿದ ತೆಳು ಬಿಯರ್ ಮತ್ತೆ ಹಾಲು. ಬಾರ್ಲಿ ಮೊಳಕೆ ಕಟ್ಟಿಸಿ ಮಾಡೋ ಮಾಲ್ಟಿನ ಮೇಲೆ ತೆರಿಗೆ ಬಿದ್ದು ಬಿಯರ್ ಕೈಗೆ ಎಟಕದ ಹಾಗಾಯ್ತು, ಬಾಣಂತನಕ್ಕೋ ನಾಮಕರಣಕ್ಕೋ ಬಿಟ್ರೆ ಯಾರೂ ಮಾಡ್ತಿರ್ಲಿಲ್ಲ. ಹಸು ಕಟ್ಟೋಕೆ ಜಾಗ ಹೋಯ್ತು, ಹಾಲೂ ಹೋಯ್ತು, ದೊಡ್ಡ ರೈತರಿಗೆ ಹಾಲನ್ನ ಚಿಲ್ಲರೆಯಾಗಿ ಮಾರೋದು ಬೇಕಿರ್ಲಿಲ್ಲ. ಉಳಿದದ್ದು ಬಾವಿ ನೀರು. ಆ ನೀರಿಗೆ ಅತಿ ಅಗ್ಗದ ಟೀ ಪುಡಿ ನಾಕು ಎಲೆ ಹಾಕಿ ಬಣ್ಣ ಬರಿಸಿ, ಕಪ್ಪು ಸಕ್ಕರೆ ಹಾಕಿ ಕುಡಿಯೋದನ್ನ ನೀವು ಶೋಕಿ ಅಂತೀರಾ, ಅದನ್ನೂ ಕಿತ್ಕೊಂಡ್ರೆ ಬ್ರೆಡ್ಡು ನೀರು ಮಾತ್ರ ಗತಿ, ಟೀ ಕುಡಿಯೋದ್ರಿಂದ ಬಡತನ ಬಂದಿದ್ದಲ್ಲ, ಬಡತನದಿಂದ ಟೀ ಬಂದಿದ್ದು. ಅವರ ವಾದದ ಸಾರ ಇದು.

ಒಂದು ಔನ್ಸ್ ಅಂದ್ರೆ 28 ಗ್ರಾಂ. ಈಗ ನಾವು ಒಂದು ಕಪ್ಪಿಗೆ ಸುಮಾರು 2 ಗ್ರಾಂ ಹಾಕ್ತೀವಿ ಅಂದ್ಕೊಳ್ಳಿ, ಆ ಲೆಕ್ಕದಲ್ಲಿ ವಾರಕ್ಕೆ 14 ಕಪ್, ಮನೆಯಲ್ಲಿ ಏಳು ಜನ. ಅದೂ ಅಗ್ಗ ಆದ್ಮೇಲೆ. 1784ರಲ್ಲಿ ಸರ್ಕಾರ ಟೀ ಮೇಲಿನ ಸುಂಕವನ್ನ ನೂರಕ್ಕೆ 119ರಿಂದ 12½ಕ್ಕೆ ಇಳಿಸಿತ್ತು, ಚೀನಾದಿಂದ ಈಸ್ಟ್ ಇಂಡಿಯಾ ಕಂಪನಿ ತರೋ ಟೀ ಹಳ್ಳಿ ಅಂಗಡಿವರೆಗೂ ಬಂದಿತ್ತು. ಸಕ್ಕರೆ ವೆಸ್ಟ್ ಇಂಡೀಸ್ ಗುಲಾಮರ ಬೆವರಿನದ್ದು. ಹಾಗಾಗಿ ಬಾರ್ಕಮ್‌ನ ಕೂಲಿಯವನಿಗೆ ಮನೆ ಪಕ್ಕದ ಹಸುವಿನ ಹಾಲಿಗಿಂತ ಸಮುದ್ರ ದಾಟಿ ಬಂದ ಟೀನೇ ಹತ್ರ ಆಗಿತ್ತು. ಇದನ್ನ ಓದಿದಾಗೆಲ್ಲ ಮನಸ್ಸಿಗೆ ಕಷ್ಟ ಆಗುತ್ತೆ.

ಮತ್ತೊಂದು ಉಪದೇಶ, ಗೋಧಿ ಬ್ರೆಡ್ ಬಿಟ್ಟು ಉತ್ತರದ ಕಡೆಯವರ ಥರ ಓಟ್ಸ್ ಗಂಜಿ ಕುಡೀರಿ, ಆಲೂಗಡ್ಡೆ ತಿನ್ನಿ, ಸೂಪು ಮಾಡ್ಕೊಳ್ಳಿ. ಇದಕ್ಕೂ ಡೇವಿಸ್ ಹತ್ರ ಉತ್ತರ ಇತ್ತು. ಬ್ರೆಡ್ಡನ್ನ ಹಾಗೇ ತಿನ್ಬೋದು, ಆಲೂಗಡ್ಡೆ ಗಂಟಲಲ್ಲಿ ಇಳೀಬೇಕಾದ್ರೆ ಜೊತೆಗೆ ಹಾಲೋ ಮಾಂಸವೋ ಬೇಕು, ಅದಿಲ್ಲ. ನನಗನ್ಸೋದು, ಗಂಜಿ ಬೇಯಿಸೋಕೆ ಸೌದೆನೂ ಬೇಕಲ್ಲ, ಹಾಲೂ ಸೌದೆನೂ ಇರೋ ಊರಿನ ಅಡುಗೆಯನ್ನ ಅವೆರಡೂ ಇಲ್ಲದ ಊರಿಗೆ ಹೇಳಿಕೊಟ್ರೆ ಏನು ಬಂತು.

ಸರಿ, ಮನೆಗೆ ಸಾಲಲ್ಲ, ಆಗ ಸಹಾಯ ಎಲ್ಲಿಂದ ಬರ್ತಿತ್ತು? 1601ರ ಕಾನೂನಿನ ಪ್ರಕಾರ ಪ್ರತಿ ಪ್ಯಾರಿಷ್ಷು, ಅಂದ್ರೆ ಒಂದು ಚರ್ಚಿಗೆ ಸೇರಿದ ಊರು, ತನ್ನ ಬಡವರನ್ನ ತಾನೇ ನೋಡ್ಕೋಬೇಕು. ಅದಕ್ಕೆ ವರ್ಷಕ್ಕೊಮ್ಮೆ ಓವರ್ಸಿಯರ್ ಅಂತ ನೇಮಿಸ್ತಿದ್ರು, ಸಂಬಳ ಇಲ್ಲದ ಕೆಲಸ, ಸಾಮಾನ್ಯವಾಗಿ ಊರಿನ ರೈತರಲ್ಲೇ ಒಬ್ರು. ಜಮೀನು ಮನೆ ಇರೋರಿಂದ ಪೂರ್ ರೇಟ್ ಅನ್ನೋ ತೆರಿಗೆ ಎತ್ತಿ, ಮುದುಕರಿಗೆ, ವಿಧವೆಯರಿಗೆ, ಅನಾಥ ಮಕ್ಕಳಿಗೆ ವಾರಕ್ಕಿಷ್ಟು ಅಂತ ಕೊಡೋದು. ಇದರ ಜೊತೆ ಪುಣ್ಯಕ್ಕೆ ಅಂತ ಕೊಡೋ ದಾನನೂ ಇತ್ತು, ಕಷ್ಟದ ವರ್ಷ ದೊಡ್ಡ ಮನೆಯವರು ಚಂದಾ ಎತ್ತಿ ಕಮ್ಮಿ ರೇಟಿಗೆ ಹಿಟ್ಟು ಕೊಡ್ಸೋದು, ಬಟ್ಟೆ ಕೊಡೋದು, ಆ ಥರ. ಆದ್ರೆ ಎರಡರಲ್ಲೂ ಕೇಳೋನು ಕೈಯೊಡ್ಡಿ ನಿಲ್ಲಬೇಕಿತ್ತು. 1697ರ ಕಾನೂನಂತೂ ನೆರವು ತಗೊಳ್ಳೋರು ಬಲ ತೋಳಿನ ಮೇಲೆ ಕೆಂಪು ಅಥವಾ ನೀಲಿ ಬಟ್ಟೆಯಲ್ಲಿ ‘ಪಿ’ ಅಂತ ಅಕ್ಷರ ಹೊಲಿಸ್ಕೊಂಡು ಓಡಾಡ್ಬೇಕು ಅಂದಿತ್ತು, ಪಿ ಅಂದ್ರೆ ಪಾಪರ್, ಭಿಕಾರಿ. ಎಲ್ಲ ಊರಲ್ಲೂ ಅದನ್ನ ಬಿಗಿಯಾಗಿ ನಡೆಸ್ಲಿಲ್ಲ, ಆದ್ರೂ ಆ ಕಾನೂನು 1810ರವರೆಗೂ ಪುಸ್ತಕದಲ್ಲಿ ಇತ್ತು. ಕೆಲಸ ಹುಡುಕ್ಕೊಂಡು ಬೇರೆ ಊರಿಗೆ ಹೋಗೋಣ ಅಂದ್ರೆ 1662ರ ಸೆಟಲ್‌ಮೆಂಟ್ ಕಾನೂನು ಅಡ್ಡ, ನಾಳೆ ನಮ್ಮ ತಲೆ ಮೇಲೆ ಬೀಳ್ತಾನೆ ಅನ್ನೋ ಅನುಮಾನ ಬಂದ್ರೆ ಸಾಕು, ಆ ಊರಿನೋರು ವಾಪಸ್ ಅಟ್ಬೋದಿತ್ತು. 1795ರಲ್ಲಿ ಅದನ್ನ ಸ್ವಲ್ಪ ಸಡಿಲ ಮಾಡಿ, ನಿಜವಾಗ್ಲೂ ನೆರವು ಕೇಳಿದ ಮೇಲಷ್ಟೇ ಕಳಿಸ್ಬೋದು ಅಂತ ಮಾಡಿದ್ರು.

ಆದ್ರೆ ಬಾರ್ಕಮ್ ಮನೆಯ ಕಥೆ ಈ ವ್ಯವಸ್ಥೆಗೆ ಹೊಸದು. ಇಲ್ಲಿ ವಿಧವೆ ಇಲ್ಲ, ಮುದುಕ ಇಲ್ಲ, ಕೈಕಾಲು ಗಟ್ಟಿ ಇರೋ ಗಂಡಸು ದುಡೀತಿದ್ದಾನೆ, ಆದ್ರೂ ಸಾಲ್ತಿಲ್ಲ. 1601ರ ಕಾನೂನು ಬರೆದೋರು ಇಂಥ ಮನೆಯನ್ನ ಮನಸ್ಸಲ್ಲಿ ಇಟ್ಕೊಂಡು ಬರೆದಿದ್ದಲ್ಲ.

ಯಾಕೆ ಸಾಲ್ತಿಲ್ಲ ಅನ್ನೋದಕ್ಕೂ ಡೇವಿಸ್ ಕಾರಣ ಹುಡುಕಿದ್ರು. ಕೆಲವು ದಶಕಗಳಿಂದ ಸಾಮಾನಿನ ಬೆಲೆ ಏರಿದೆ, ಕೂಲಿ ಆ ವೇಗದಲ್ಲಿ ಏರಿಲ್ಲ. ಸಣ್ಣ ಹಿಡುವಳಿಗಳನ್ನ ಸೇರಿಸಿ ದೊಡ್ಡ ಫಾರ್ಮ್ ಮಾಡಿದ್ದಾರೆ, ಗೋಮಾಳಕ್ಕೆ ಬೇಲಿ ಬಿದ್ದಿದೆ, ಹಿಂದೆ ಒಂದು ಹಸು, ನಾಕು ಕೋಳಿ, ಸ್ವಲ್ಪ ತೋಟ ಇಟ್ಕೊಂಡು ಅರ್ಧ ಸ್ವತಂತ್ರವಾಗಿದ್ದೋರು ಪೂರ್ತಿ ಕೂಲಿ ನಂಬ್ಕೊಳ್ಳೋ ಹಾಗಾಗಿದೆ. ಇದ್ರ ಜೊತೆ ಇನ್ನೊಂದು ಸಣ್ಣ ಸಂಗತಿ, ನನಗೆ ಬಹಳ ತಟ್ಟಿದ್ದು. ಹಿಂದೆ ಕೂಲಿಯವನು ಗೋಧಿಯನ್ನ ಸೀದಾ ರೈತನ ಹತ್ರ ಅಳೆಸ್ಕೊಂಡು ಮಿಲ್ಲಿಗೆ ಒಯ್ತಿದ್ದ. ಈಗ ರೈತ ಸಂತೆಗೆ ಮೂಟೆಗಟ್ಲೆ ಮಾರ್ತಾನೆ, ಚಿಲ್ಲರೆ ಕೊಡಲ್ಲ, ಹಾಗಾಗಿ ತಾನೇ ಬೆಳೆದ, ತಾನೇ ಕೊಯ್ದ ಗೋಧಿಯನ್ನ ಕೂಲಿಯವನು ಅಂಗಡಿಯಿಂದ ಲಾಭ ತೆತ್ತು ವಾಪಸ್ ಕೊಳ್ಬೇಕು. ಕೊಯ್ಲಾದ ಹೊಲದಲ್ಲಿ ಹೆಂಗಸರು ಮಕ್ಕಳು ಹಕ್ಕಲು ಆಯೋದು ಒಂದಿತ್ತು, ಅದು ಕೆಲವು ಮನೆಗಳಿಗೆ ಒಳ್ಳೆ ಆಸರೆ, 1788ರಲ್ಲಿ ಸಫೋಕ್ ಕಡೆಯ ಒಂದು ಕೇಸಲ್ಲಿ ಕೋರ್ಟು ಹಕ್ಕಲಾಯೋದು ಬಡವರ ಹಕ್ಕಲ್ಲ ಅಂತ ತೀರ್ಪು ಕೊಟ್ಬಿಡ್ತು. ತೀರ್ಪು ಬಂದ ಮೇಲೂ ಜನ ಎಷ್ಟೋ ಊರಲ್ಲಿ ಆಯ್ತಾನೇ ಇದ್ರು, ಆದ್ರೆ ಅಲ್ಲಿವರೆಗೂ ನಮ್ದು ಅಂದ್ಕೊಂಡಿದ್ದದ್ದು ಇನ್ನೊಬ್ಬರ ದಯೆ ಆಯ್ತು.

ಡೇವಿಸ್ ಇದೇ ಥರ ತಮ್ಮ ಊರಿನ ಆರು ಮನೆಗಳ ಲೆಕ್ಕ ಬರ್ಕೊಂಡಿದ್ರು, ಅಷ್ಟಕ್ಕೇ ನಿಲ್ಲಿಸ್ಲಿಲ್ಲ. ಅದೇ ಮಾದರಿಯ ಪಟ್ಟಿಯನ್ನ ಬೇರೆ ಊರುಗಳಿಗೆ ಕಳಿಸಿ ಲೆಕ್ಕ ತರಿಸ್ಕೊಂಡ್ರು, ಕಾರ್ನ್‌ವಾಲ್‌ನಿಂದ ಸ್ಕಾಟ್‌ಲ್ಯಾಂಡ್‌ವರೆಗೆ ನೂರಕ್ಕೂ ಹೆಚ್ಚು ಮನೆಗಳದ್ದು, ಕತೆ ಎಲ್ಲ ಕಡೆ ಹೆಚ್ಚುಕಮ್ಮಿ ಅದೇ. 1795ರಲ್ಲಿ ಬಾತ್ ಪಟ್ಟಣದಲ್ಲಿ ಅದು ಪುಸ್ತಕವಾಗಿ ಅಚ್ಚಾಯ್ತು. ಅವರು ಕೇಳಿದ್ದು ದಾನ ಅಲ್ಲ. ದಿನಗೂಲಿಯನ್ನ ಬ್ರೆಡ್ಡಿನ ಬೆಲೆಗೆ ಕಟ್ಟಿ, ಬೆಲೆ ಏರಿದ್ರೆ ಕೂಲಿನೂ ಏರ್ಬೇಕು, ಕೂಲಿಯವರಿಗೆ ಸ್ವಲ್ಪ ಜಮೀನು ಕೊಡಿ, ಹೆಂಗಸರಿಗೆ ಮಕ್ಕಳಿಗೆ ಕೆಲಸ ಕೊಡಿ, ಮಕ್ಕಳು ಜಾಸ್ತಿ ಇರೋ ಮನೆಗೆ ಮಾತ್ರ ಪ್ಯಾರಿಷ್ ಮೇಲಿಂದ ಸೇರಿಸಿ ಕೊಡಲಿ, ಅಂತ.

ಅದೇ ವರ್ಷ ಅದೇ ಬರ್ಕ್‌ಶೈರ್‌ನಲ್ಲಿ ಆಗಿದ್ದೇ ಬೇರೆ. 1795ರ ಜನವರಿ ಇಂಗ್ಲೆಂಡಿನ ತಾಪಮಾನ ದಾಖಲೆಯಲ್ಲೇ ಅತಿ ಚಳಿಯ ತಿಂಗಳು, ಹಿಂದಿನ ಬೆಳೆ ಕೆಟ್ಟಿತ್ತು, ಫ್ರಾನ್ಸ್ ಜೊತೆ ಯುದ್ಧ ಬೇರೆ. ಗೋಧಿಯ ವರ್ಷದ ಸರಾಸರಿ ಬೆಲೆ ಕ್ವಾರ್ಟರ್‌ಗೆ (ಆಗಿನ ಧಾನ್ಯದ ಒಂದು ದೊಡ್ಡ ಅಳತೆ) 52 ಶಿಲ್ಲಿಂಗ್ ಆಸುಪಾಸಿದ್ದದ್ದು 75ಕ್ಕೆ ಹಾರಿತು. ಹಲವು ಊರಲ್ಲಿ ಬ್ರೆಡ್ಡಿಗಾಗಿ ಗಲಾಟೆ ಆಯ್ತು. ಮೇ 6ರಂದು ನ್ಯೂಬರಿ ಪಕ್ಕದ ಸ್ಪೀನ್‌ಹ್ಯಾಮ್‌ಲ್ಯಾಂಡ್‌ನಲ್ಲಿ, ಪೆಲಿಕನ್ ಅನ್ನೋ ಹೋಟೆಲಲ್ಲಿ, ಚಾರ್ಲ್ಸ್ ಡಂಡಾಸ್ ಅವರ ಅಧ್ಯಕ್ಷತೆಯಲ್ಲಿ ಜಿಲ್ಲೆಯ ಮ್ಯಾಜಿಸ್ಟ್ರೇಟರು ಸಭೆ ಸೇರಿದ್ರು. ಅವರ ಮುಂದೆ ಎರಡು ದಾರಿ. ಎಲಿಜಬೆತ್ ರಾಣಿ ಕಾಲದ ಹಳೇ ಕಾನೂನಿನ ಅಧಿಕಾರ ಇಟ್ಕೊಂಡು ಕೂಲಿಯನ್ನೇ ಏರಿಸಿ ನಿಗದಿ ಮಾಡೋದು, ಇಲ್ಲಾಂದ್ರೆ ಕೂಲಿ ಹಾಗೇ ಬಿಟ್ಟು ಕೊರತೆಯನ್ನ ಪೂರ್ ರೇಟಿನಿಂದ ತುಂಬೋದು. ಎರಡನೇದನ್ನ ಆರಿಸ್ಕೊಂಡ್ರು. ರೈತರಿಗೆ ಕೂಲಿ ಹೆಚ್ಚಿಸಿ ಅಂತ ಒಂದು ವಿನಂತಿ ಮಾಡಿ ಕೈಬಿಟ್ರು.

ಅವರ ದರ ಹೀಗಿತ್ತು. ಗ್ಯಾಲನ್ ಬ್ರೆಡ್ಡು ಅಂತ ಸುಮಾರು 4 ಕೆ.ಜಿ. ತೂಕದ್ದು, ಅದರ ಬೆಲೆ 1 ಶಿಲ್ಲಿಂಗ್ ಇದ್ರೆ ದುಡಿಯೋ ಗಂಡಸಿಗೆ ವಾರಕ್ಕೆ 3 ಶಿಲ್ಲಿಂಗ್, ಹೆಂಡತಿಗೂ ಪ್ರತಿ ಮಗುವಿಗೂ 1 ಶಿಲ್ಲಿಂಗ್ 6 ಪೆನ್ಸ್ ಸಿಗ್ಬೇಕು, ದುಡಿಮೆಯಿಂದ ಬಂದದ್ದು ಬಿಟ್ಟು ಉಳಿದದ್ದನ್ನ ಪ್ಯಾರಿಷ್ ಕೊಡುತ್ತೆ. ಬ್ರೆಡ್ಡಿನ ಬೆಲೆ ಒಂದೊಂದು ಪೆನ್ನಿ ಏರಿದ ಹಾಗೆ ಇದೂ ಏರುತ್ತೆ. ನಮ್ಮ ಬಾರ್ಕಮ್ ಮನೆಗೆ ಇದನ್ನ ಹಚ್ಚಿ ನೋಡಿದೆ. ಗಂಡನಿಗೆ 3, ಉಳಿದ ಆರು ಜನಕ್ಕೆ 9, ಒಟ್ಟು 12 ಶಿಲ್ಲಿಂಗ್. ಕೂಲಿ 8 ಶಿಲ್ಲಿಂಗ್ 6 ಪೆನ್ಸೇ ಇದ್ರೆ ಪ್ಯಾರಿಷ್ ಕೊಡಬೇಕಾದ್ದು 3 ಶಿಲ್ಲಿಂಗ್ 6 ಪೆನ್ಸ್. ಮೂರೂವರೆ ಶಿಲ್ಲಿಂಗ್ ಅಂದ್ರೆ ಆ ಮನೆಗೆ ಸಣ್ಣದಲ್ಲ, ಮಕ್ಕಳು ಹಸಿದು ಮಲಗೋದು ತಪ್ಪುತ್ತೆ, ಅದನ್ನ ನಾನು ಹಗುರವಾಗಿ ಮಾತಾಡಲ್ಲ. ಹಸಿವಿನ ವರ್ಷದಲ್ಲಿ ಇಂಥ ನೆರವು ಜನರನ್ನ ಬದುಕಿಸ್ತು.

ಆದ್ರೆ ಆ ಮೂರೂವರೆ ಶಿಲ್ಲಿಂಗ್ ಯಾರ ಜೇಬಿಂದ ಹೋಗ್ಬೇಕಿತ್ತು, ಯಾರ ಜೇಬಿಂದ ಹೋಯ್ತು ಅನ್ನೋದನ್ನ ನೋಡ್ಬೇಕು. ಹತ್ತು ಜನ ಕೂಲಿ ಇಟ್ಟಿರೋ ದೊಡ್ಡ ರೈತ ಕೂಲಿ ಏರಿಸ್ದೆ ಉಳಿಸ್ಕೋತಾನೆ, ಕೊರತೆ ತುಂಬೋ ತೆರಿಗೆಯನ್ನ ಯಾರನ್ನೂ ಕೂಲಿಗೆ ಇಡದ ಸಣ್ಣ ಹಿಡುವಳಿದಾರ, ಅಂಗಡಿಯವನು, ಹತ್ತನೇ ಪಾಲು ತಗೊಳ್ಳೋ ಪಾದ್ರಿ ಎಲ್ಲರೂ ಕಟ್ತಾರೆ. ಹೆಸರು ಮಾತ್ರ ಬಡವರಿಗೆ ಕೊಟ್ಟ ನೆರವು ಅಂತ. ದುಡಿದವನಿಗೆ ನ್ಯಾಯವಾಗಿ ಬರಬೇಕಾದ ದುಡ್ಡು ಓವರ್ಸಿಯರ್ ಮನೆ ಬಾಗಿಲಲ್ಲಿ ಕೈಯೊಡ್ಡಿ ತಗೊಳ್ಳೋ ದುಡ್ಡಾಯ್ತು, ಈ ಪ್ರಕರಣದಲ್ಲಿ ನನಗೆ ಅತಿ ದೊಡ್ಡ ಅನ್ಯಾಯ ಅನ್ಸೋದು ಇದೇ. ಆ ವರ್ಷದ ಕೊನೆಗೆ ಸ್ಯಾಮ್ಯುಯಲ್ ವಿಟ್‌ಬ್ರೆಡ್ ಅನ್ನೋ ಸಂಸದರು ಕನಿಷ್ಠ ಕೂಲಿ ನಿಗದಿ ಮಾಡೋ ಮಸೂದೆ ತಂದ್ರು, 1796ರ ಫೆಬ್ರವರಿಯಲ್ಲಿ ಪ್ರಧಾನಿ ಪಿಟ್ ಅದನ್ನ ವಿರೋಧಿಸಿದ್ರು, ಬಿದ್ದುಹೋಯ್ತು. 1800ರಲ್ಲಿ ಮತ್ತೆ ತಂದ್ರು, ಮತ್ತೆ ಬಿತ್ತು.

ಮುಂದೆ 1830ರಲ್ಲಿ ಕೂಲಿಯವರು ದಕ್ಷಿಣ ಇಂಗ್ಲೆಂಡಿನ ಉದ್ದಕ್ಕೂ ಎದ್ದರು, ಕಾಳು ಬಡಿಯೋ ಮಷೀನುಗಳನ್ನ ಒಡೆದ್ರು, ಕೂಲಿ ಹೆಚ್ಚಿಸಿ ಅಂದ್ರು. ಬರ್ಕ್‌ಶೈರ್‌ನ ಕಿಂಟ್‌ಬರಿ ಊರಿನ ವಿಲಿಯಂ ವಿಂಟರ್‌ಬೋರ್ನ್ ಅನ್ನೋನನ್ನ 1831ರ ಜನವರಿಯಲ್ಲಿ ರೆಡಿಂಗ್‌ನಲ್ಲಿ ಗಲ್ಲಿಗೆ ಹಾಕಿದ್ರು. 1832ರಲ್ಲಿ ಸರ್ಕಾರ ಒಂದು ಆಯೋಗ ಮಾಡ್ತು, ಆಯೋಗದ ವರದಿ ಏನಂತು ಅಂದ್ರೆ, ಪ್ಯಾರಿಷ್ ಕೊಡೋ ಭತ್ಯೆಯಿಂದಾನೇ ಕೂಲಿಯವರು ಸೋಮಾರಿಗಳಾದ್ರು, ಬೇಗ ಮದುವೆ ಆಗಿ ಮಕ್ಕಳು ಮಾಡ್ಕೊಂಡ್ರು, ಕೂಲಿ ಇಳೀತು. ಬಹಳ ವರ್ಷ ಜಗತ್ತು ಅದನ್ನೇ ನಂಬ್ತು. 1963ರಲ್ಲಿ ಮಾರ್ಕ್ ಬ್ಲಾಗ್ ಅನ್ನೋ ಅರ್ಥಶಾಸ್ತ್ರಜ್ಞರು ಹಳೇ ಅಂಕಿಅಂಶಗಳನ್ನ ಮತ್ತೆ ತಿರುವಿಹಾಕಿ, ಅವು ವರದಿಯ ಮಾತಿಗೆ ಹೊಂದಲ್ಲ, ಕೂಲಿ ಮೊದಲೇ ಕಮ್ಮಿ ಇದ್ದ ಮತ್ತು ವರ್ಷದ ಕೆಲವು ತಿಂಗಳು ಕೆಲಸವೇ ಇರದ ಊರುಗಳಲ್ಲಿ ಭತ್ಯೆ ಬಂದಿದ್ದು ಅಂತ ತೋರಿಸಿದ್ರು. ನನಗೆ ಅವರ ಮಾತು ಸರಿ ಅನ್ಸೋಕೆ ಒಂದು ಕಾರಣ ಈ ಬಾರ್ಕಮ್ ಪಟ್ಟಿನೇ. ಸ್ಪೀನ್‌ಹ್ಯಾಮ್‌ಲ್ಯಾಂಡ್ ಸಭೆಗೆ ಎಂಟು ವರ್ಷ ಮುಂಚಿನ ಲೆಕ್ಕ ಇದು, ಆಗ್ಲೇ 5¼ ಪೆನ್ಸ್ ಕಮ್ಮಿ ಇತ್ತು.

ವರದಿಯ ಮೇಲೆ 1834ರಲ್ಲಿ ಹೊಸ ಕಾನೂನು ಬಂತು. ಬಾರ್ಕಮ್ ಹಳ್ಳಿ ವೋಕಿಂಗ್‌ಹ್ಯಾಮ್ ಯೂನಿಯನ್ನಿಗೆ, ಅಂದ್ರೆ ಬಡವರ ನೆರವಿಗೆ ಅಂತ ಹಲವು ಪ್ಯಾರಿಷ್ ಸೇರಿಸಿ ಮಾಡಿದ ಒಕ್ಕೂಟಕ್ಕೆ ಸೇರಿತು, ಗಟ್ಟಿಮುಟ್ಟಾದೋರಿಗೆ ನೆರವು ಬೇಕಂದ್ರೆ ವರ್ಕ್‌ಹೌಸ್, ಅಂದ್ರೆ ಬಡವರನ್ನ ಒಳಗಿಟ್ಟು ಕೆಲಸ ಮಾಡಿಸೋ ಮನೆ, ಅದರೊಳಗೆ ಬನ್ನಿ ಅನ್ನೋದು ಹೊಸ ನಿಯಮ. ಒಳಗೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಏಳು ವರ್ಷ ದಾಟಿದ ಮಕ್ಕಳು ಬೇರೆ ಕಡೆ. ಡೇವಿಸ್ 1819ರಲ್ಲೇ ತೀರ್ಕೊಂಡಿದ್ರು, ಇದನ್ನ ನೋಡ್ಲಿಲ್ಲ. ಅವರು ಬರೆದ ಥರದ ಮನೆ ಆ ಬಾಗಿಲಿಗೆ ಹೋಗಿದ್ರೆ ಎಂಟು ವರ್ಷದ ದೊಡ್ಡ ಮಗು ತಾಯಿಯಿಂದ ಬೇರೆ ಆಗ್ಬೇಕಿತ್ತು.

ವರ್ಕ್‌ಹೌಸಿನ ಊಟದ ಪಟ್ಟಿಯನ್ನೂ 1834ರ ಕಾನೂನಿನಡಿ ನೇಮಿಸಿದ ಹೊಸ ಆಯೋಗದವರು ಅಚ್ಚು ಮಾಡಿಸಿ ಕಳಿಸ್ತಿದ್ರು. ಬೆಳಿಗ್ಗೆ ಬ್ರೆಡ್ಡು ಗಂಜಿ. ಅದರ ಕೆಳಗೆ ಒಂದು ಸಾಲು ಇದೆ: 60 ವರ್ಷ ದಾಟಿದ ಮುದುಕರಿಗೆ ಗಂಜಿ ಬದಲು ವಾರಕ್ಕೆ 5 ಔನ್ಸ್ ಬೆಣ್ಣೆ, 7 ಔನ್ಸ್ ಸಕ್ಕರೆ, ಒಂದು ಔನ್ಸ್ ಟೀ ಕೊಡಬಹುದು. ಬಾರ್ಕಮ್‌ನಲ್ಲಿ ಏಳು ಜನಕ್ಕೆ ಅಂತ ತಂದು, ಬೈಸ್ಕೊಂಡು ಕುಡೀತಿದ್ದದ್ದು ಅದೇ ಒಂದು ಔನ್ಸ್.